ಬೆನಗಲ್ ರಾಮರಾವ್: ರಿಸರ್ವ್ ಬ್ಯಾಂಕಿನಲ್ಲಿ ಏಳೂವರೆ ವರ್ಷ, ಆಮೇಲೆ ರಾಜೀನಾಮೆ. ನಿಮಗೆ ಏನನ್ನಿಸುತ್ತದೆ?

ಕರಾವಳಿ ಮೇಷ್ಟ್ರು

ಪದವಿ ತರಗತಿಗೆ ಅರ್ಥಶಾಸ್ತ್ರ ಹೇಳುತ್ತೇನೆ. ರಿಸರ್ವ್ ಬ್ಯಾಂಕಿನ ಪಾಠ ಬಂದಾಗ ಮಕ್ಕಳು ರಘುರಾಮ್ ರಾಜನ್, ಉರ್ಜಿತ್ ಪಟೇಲ್, ಶಕ್ತಿಕಾಂತ ದಾಸ್ ಅಂತ ಥಟ್ಟನೆ ಹೇಳುತ್ತಾರೆ. ಆ ಕುರ್ಚಿಯಲ್ಲಿ ಇವತ್ತಿಗೂ ಅತಿ ಹೆಚ್ಚು ಕಾಲ ಕೂತವರು ನಮ್ಮ ದಕ್ಷಿಣ ಕನ್ನಡದ ಮನೆತನದ ಸರ್ ಬೆನಗಲ್ ರಾಮರಾವ್ ಎಂದರೆ ಒಬ್ಬರಿಗೂ ಗೊತ್ತಿರುವುದಿಲ್ಲ. 1949ರ ಜುಲೈ 1ರಿಂದ 1957ರ ಜನವರಿ 14ರವರೆಗೆ ಗವರ್ನರ್ ಆಗಿದ್ದರು. ಸಂವಿಧಾನದ ಮೊದಲ ಕರಡು ಸಿದ್ಧಪಡಿಸಿದ ಬಿ. ಎನ್. ರಾವ್ ಅವರ ತಮ್ಮ ಇವರು. ಪತ್ರಕರ್ತ, ಸಂಸದ ಬಿ. ಶಿವರಾವ್ ಕೂಡ ಇದೇ ಮನೆಯವರು.

ಅವರ ಹಾದಿ ನೋಡಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು, 1919ರಲ್ಲಿ ಐಸಿಎಸ್, ಅಂದರೆ ಬ್ರಿಟಿಷ್ ಕಾಲದ ಆಡಳಿತ ಸೇವೆ. ಇಪ್ಪತ್ತರ ದಶಕದಲ್ಲಿ ಭಾರತ ಸರ್ಕಾರದ ಹಣಕಾಸು ಇಲಾಖೆ, ಸೈಮನ್ ಆಯೋಗದ ಹಣಕಾಸು ಕೆಲಸ. 1934ರಿಂದ 38ರವರೆಗೆ ಲಂಡನ್ನಿನಲ್ಲಿ ಉಪ ಹೈಕಮಿಷನರ್. ಆಮೇಲೆ ದಕ್ಷಿಣ ಆಫ್ರಿಕಾದಲ್ಲಿ ಭಾರತದ ಪ್ರತಿನಿಧಿ. 1941ರಿಂದ ಮುಂಬಯಿ ಬಂದರು ಟ್ರಸ್ಟಿನ ಅಧ್ಯಕ್ಷ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಮದ್ದುಗುಂಡು ತುಂಬಿದ್ದ ಫೋರ್ಟ್ ಸ್ಟಿಕೀನ್ ಹಡಗು ಸಿಡಿದು ನೂರಾರು ಜನ ಸತ್ತಾಗ ಆ ಬಂದರು ಇವರ ಕೈಯಲ್ಲಿತ್ತು. ಸ್ವಾತಂತ್ರ್ಯ ಬಂದ ಮೇಲೆ ಟೋಕಿಯೊ, ಅಲ್ಲಿಂದ ರಾಯಭಾರಿಯಾಗಿ ವಾಷಿಂಗ್ಟನ್. ಅರವತ್ತರ ಹತ್ತಿರ ಬಂದಾಗ ರಿಸರ್ವ್ ಬ್ಯಾಂಕು.

ಬಂದು ಮೂರು ತಿಂಗಳು ತುಂಬುವ ಮೊದಲೇ, 1949ರ ಸೆಪ್ಟೆಂಬರಿನಲ್ಲಿ, ಪೌಂಡಿನ ಜೊತೆ ರೂಪಾಯಿಯೂ ಅಪಮೌಲ್ಯಗೊಂಡಿತು. ಒಂದು ರೂಪಾಯಿಗೆ ಅಮೆರಿಕದ 30 ಸೆಂಟ್ ಇದ್ದದ್ದು 21 ಸೆಂಟ್ ಆಯಿತು. 1951ರ ನವೆಂಬರಿನಲ್ಲಿ ಬ್ಯಾಂಕ್ ದರ, ಅಂದರೆ ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಶೇ. 3ರಿಂದ 3.5ಕ್ಕೆ ಏರಿತು. 1952ರಲ್ಲಿ ಬಿಲ್ ಮಾರ್ಕೆಟ್ ಯೋಜನೆ, 1954ರಲ್ಲಿ ಗ್ರಾಮೀಣ ಸಾಲ ಸಮೀಕ್ಷೆಯ ವರದಿ, 1955ರ ಜುಲೈ 1ಕ್ಕೆ ಇಂಪೀರಿಯಲ್ ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆಯಿತು. ಇದೆಲ್ಲ ಇವರ ಅವಧಿಯದು.

ಕೊನೆಯದು ಎಲ್ಲರೂ ಎತ್ತುವ ವಿಷಯ. 1956ರ ಆಗಸ್ಟ್ ಕೊನೆಗೆ ಟಿ. ಟಿ. ಕೃಷ್ಣಮಾಚಾರಿ ಹಣಕಾಸು ಸಚಿವರಾದರು. ನವೆಂಬರ್ 30ರಂದು ತಂದ ತೆರಿಗೆ ಪ್ರಸ್ತಾವಗಳಲ್ಲಿ ಮುದ್ದತಿ ಹುಂಡಿಗಳ (ಗೊತ್ತಾದ ದಿನಕ್ಕೆ ಹಣ ಕೊಡುತ್ತೇನೆ ಎಂಬ ವ್ಯಾಪಾರದ ಕಾಗದಗಳ) ಸ್ಟ್ಯಾಂಪ್ ಡ್ಯೂಟಿಯನ್ನು ಹಲವು ಪಟ್ಟು ಏರಿಸಿದರು. ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಪಡೆಯುವ ಸಾಲದ ಖರ್ಚು ಅದರಿಂದ ಶೇ. 4ರ ಹತ್ತಿರ ಹೋಯಿತು. ಅಂದರೆ ಬ್ಯಾಂಕ್ ದರವನ್ನು ರಿಸರ್ವ್ ಬ್ಯಾಂಕಿನ ಬದಲು ಬಜೆಟ್ಟೇ ಏರಿಸಿದಂತಾಯಿತು. ರಾಮರಾವ್ ವಿರೋಧಿಸಿದರು, ವಿಷಯವನ್ನು ಬ್ಯಾಂಕಿನ ಕೇಂದ್ರ ಮಂಡಳಿಯ ಮುಂದಿಟ್ಟರು. ಸಚಿವರು ಬ್ಯಾಂಕನ್ನು ತಮ್ಮ ಸಚಿವಾಲಯದ ಒಂದು ವಿಭಾಗ ಎಂಬಂತೆ ಕಂಡರು. ನೆಹರೂ ಸಚಿವರ ಪರ ನಿಂತರು: ಬ್ಯಾಂಕು ಸಲಹೆ ಕೊಡಬಹುದು, ಆದರೆ ಸರ್ಕಾರದ ನೀತಿಗೆ ಹೊಂದಿಕೊಂಡು ನಡೆಯಬೇಕು ಎಂದು ಗವರ್ನರರಿಗೆ ಬರೆದರು. ವಿಸ್ತರಿಸಿದ ಎರಡನೇ ಅವಧಿ ಮುಗಿಯುವ ಸ್ವಲ್ಪ ಮೊದಲು ರಾಮರಾವ್ ಬಿಟ್ಟು ಹೋದರು.

ಅರ್ಧ ಪರ್ಸೆಂಟಿಗೆ ಯಾರೂ ಕುರ್ಚಿ ಬಿಡುವುದಿಲ್ಲ ಎಂಬುದು ನನ್ನ ನಂಬಿಕೆ. ಹಣದ ಬೆಲೆಯನ್ನು ಯಾರು ನಿರ್ಧರಿಸಬೇಕು ಎಂಬ ಪ್ರಶ್ನೆಗೆ ಬಿಟ್ಟರು. ಮೂವತ್ತೇಳು ವರ್ಷ ಸರ್ಕಾರದ ಒಳಗೇ ಬೆಳೆದ ಮನುಷ್ಯ ಅದನ್ನು ಮಾಡಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಮಲೆನಾಡಿನವಳು

ಇವರೇ ಅಲ್ವಾ ಸರ್ 1925ರ ಬೆಳಗಾವಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಬೆನಗಲ್ ರಾಮರಾಯರು?

ಕರಾವಳಿ ಮೇಷ್ಟ್ರು

ಅವರು ಬೇರೆ ಮೇಡಂ. ಆ ರಾಮರಾಯರು ಕನ್ನಡದ ವಿದ್ವಾಂಸರು, ಪತ್ರಿಕೆ ನಡೆಸಿದವರು. ಹೆಸರೂ ಮನೆತನದ ಹೆಸರೂ ಒಂದೇ ಆದ್ದರಿಂದ ಅಂತರ್ಜಾಲದಲ್ಲಿ ಒಬ್ಬರ ವಿವರ ಇನ್ನೊಬ್ಬರಿಗೆ ಅಂಟಿಕೊಂಡಿರುತ್ತದೆ. 1925ರಲ್ಲಿ ನಮ್ಮ ಐಸಿಎಸ್ ರಾಮರಾವ್ ಸರ್ಕಾರದ ನೌಕರಿಯಲ್ಲಿದ್ದರು.

ಹಳೇ ಬ್ರಾಂಚ್ ಮ್ಯಾನೇಜರ್

ಸ್ಟ್ಯಾಂಪ್ ಡ್ಯೂಟಿಗೂ ಬ್ಯಾಂಕ್ ದರಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಗೊಂದಲ ಆಗಿರಬಹುದು. ಬ್ಯಾಂಕಿನೊಳಗೆ ಕೆಲಸ ಮಾಡಿದವನಾಗಿ ಬಿಡಿಸಿ ಹೇಳುತ್ತೇನೆ.

ಹತ್ತಿ ವ್ಯಾಪಾರಿ ಒಬ್ಬ ಇದ್ದಾನೆ ಎಂದುಕೊಳ್ಳಿ. ಗೋದಾಮಿನಲ್ಲಿ ಬೇಲುಗಳನ್ನು ಅಡವಿಟ್ಟು ಕ್ಯಾಶ್ ಕ್ರೆಡಿಟ್ ತೆಗೆದುಕೊಂಡಿದ್ದಾನೆ. ಆಧಾರಕ್ಕೆ ಕೊಟ್ಟಿರುವುದು ಡಿಮ್ಯಾಂಡ್ ಪ್ರಾಮಿಸರಿ ನೋಟು, ಅಂದರೆ ಕೇಳಿದಾಗ ಕೊಡುತ್ತೇನೆ ಎಂಬ ಕಾಗದ. ಅದಕ್ಕೆ ಬೇಕಾದದ್ದು ಪುಡಿಗಾಸಿನ ಸ್ಟ್ಯಾಂಪು. ಸುಗ್ಗಿ ಬಂದು ಬ್ಯಾಂಕಿನ ಕೈಯಲ್ಲಿ ನಗದು ಕಡಿಮೆಯಾದರೆ ರಿಸರ್ವ್ ಬ್ಯಾಂಕಿಗೆ ಓಡಬೇಕು. ಆದರೆ ಡಿಮ್ಯಾಂಡ್ ನೋಟನ್ನು ಅಲ್ಲಿ ಒಪ್ಪುವಂತಿರಲಿಲ್ಲ. ಕಾಯಿದೆಯ ಪ್ರಕಾರ 90 ದಿನದ ಮುದ್ದತಿಯ ಕಾಗದವೇ ಬೇಕು. ನಮ್ಮಲ್ಲಿ ಅಂಥ ಹುಂಡಿ ಬರೆಯುವ ರೂಢಿ ಕಡಿಮೆ. ರಾಮರಾವ್ 1952ರ ಜನವರಿಯಲ್ಲಿ ತಂದ ಬಿಲ್ ಮಾರ್ಕೆಟ್ ಯೋಜನೆ ಇಲ್ಲೇ ಬಾಗಿಲು ತೆರೆಯಿತು: ಅದೇ ವ್ಯಾಪಾರಿಯ ಡಿಮ್ಯಾಂಡ್ ನೋಟನ್ನು ಮುದ್ದತಿ ನೋಟಾಗಿ ಬದಲಿಸಿ ತನ್ನಿ, ಅದರ ಮೇಲೆ ಸಾಲ ಕೊಡುತ್ತೇವೆ.

ತೊಡಕು ಏನೆಂದರೆ ಮುದ್ದತಿ ನೋಟಿಗೆ ಮೊತ್ತಕ್ಕೆ ತಕ್ಕಂತೆ ಸ್ಟ್ಯಾಂಪ್ ಹಚ್ಚಬೇಕು. ಬ್ಯಾಂಕುಗಳು ಹಿಂಜರಿಯಬಾರದು ಎಂದು ಮೊದಮೊದಲು ರಿಸರ್ವ್ ಬ್ಯಾಂಕೇ ಆ ಸ್ಟ್ಯಾಂಪಿನ ಅರ್ಧ ಖರ್ಚು ಹೊತ್ತಿತು, ಬಡ್ಡಿಯಲ್ಲಿಯೂ ಬ್ಯಾಂಕ್ ದರಕ್ಕಿಂತ ಅರ್ಧ ಪರ್ಸೆಂಟ್ ಕಡಿಮೆ ಹಿಡಿಯಿತು. ಗಮನಿಸಬೇಕಾದದ್ದು ಇನ್ನೊಂದಿದೆ. 1956ರಲ್ಲಿ ಬೆಲೆ ಏರತೊಡಗಿದಾಗ ಆ ರಿಯಾಯಿತಿಗಳನ್ನು ವಾಪಸ್ ತೆಗೆದುಕೊಂಡದ್ದೂ ರಾಮರಾವ್ ಅವರೇ. ಸಾಲ ದುಬಾರಿಯಾಗಬೇಕು ಎಂಬುದರಲ್ಲಿ ಸಚಿವರಿಗೂ ಗವರ್ನರಿಗೂ ಭೇದವೇ ಇರಲಿಲ್ಲ. ಕಾಗದದ ಮೇಲಿನ ಸ್ಟ್ಯಾಂಪನ್ನು ಮಾತ್ರ ಏರಿಸಿ ರಿಸರ್ವ್ ಬ್ಯಾಂಕಿನ ಸ್ವಂತ ಹತ್ಯಾರವನ್ನು ಪಕ್ಕಕ್ಕೆ ಸರಿಸಿದ್ದೇ ಜಗಳ.

ನಾನು ಕೆಲಸಕ್ಕೆ ಸೇರುವ ಹೊತ್ತಿಗೆ 1970ರ ಹೊಸ ಬಿಲ್ ಯೋಜನೆ ಬಂದಿತ್ತು. ಆದರೂ ಶಾಖೆಯ ಬೀರುವಿನಲ್ಲಿ ಹುಂಡಿ ಸ್ಟ್ಯಾಂಪ್ ಕಾಗದಗಳ ಕಟ್ಟು ಇರುತ್ತಿತ್ತು. ಹುಂಡಿಯ ಮೈಮೇಲೆ ಅಡ್ಡಡ್ಡಲಾಗಿ 'ಒಪ್ಪಿದೆ' ಎಂದು ಸಹಿ ಮಾಡಿಸಿ, ಮುದ್ದತಿಯ ತಾರೀಕಿಗೆ ಮೂರು ದಿನದ ಗ್ರೇಸ್ ಸೇರಿಸಿ ಡ್ಯೂ ಡೈರಿಯಲ್ಲಿ ಬರೆಯಬೇಕಿತ್ತು. ಸ್ಟ್ಯಾಂಪ್ ಕಡಿಮೆ ಬಿದ್ದ ಹುಂಡಿಯನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ ಎಂದು ಹಿರಿಯ ಅಕೌಂಟೆಂಟರು ಬೆಳಿಗ್ಗೆ ಬಂದವರಿಗೆ ಮೊದಲು ಅದನ್ನೇ ಹೇಳುತ್ತಿದ್ದರು.

ಖಜಾನೆಯವ

ಜಿಲ್ಲಾ ಖಜಾನೆಯಲ್ಲಿ ಬಿಲ್ಲು ಪಾಸು ಮಾಡಿ ನಿವೃತ್ತನಾದವನು. ಮೇಷ್ಟ್ರ ಗೌರವದ ಮಾತು ಒಪ್ಪುತ್ತೇನೆ, ತೀರ್ಮಾನ ಒಪ್ಪುವುದಿಲ್ಲ.

ಅಧಿಕಾರಿಯ ಕೆಲಸ ಕಡತದ ಮೇಲೆ ತನ್ನ ಅಭಿಪ್ರಾಯವನ್ನು ಅಂಜದೆ ಬರೆಯುವುದು. ಆಮೇಲೆ ಸಚಿವರು ಆದೇಶ ಮಾಡಿದರೆ ಜಾರಿ ಮಾಡುವುದು. ತೆರಿಗೆ ಹಾಕುವ ಅಧಿಕಾರ ಸಂಸತ್ತಿನದು, ಸ್ಟ್ಯಾಂಪ್ ಡ್ಯೂಟಿಯೂ ತೆರಿಗೆಯೇ. ಅದು ಸಾಲದ ಬೆಲೆಗೆ ತಾಗುತ್ತದೆ ಎಂಬ ಕಾರಣಕ್ಕೆ ಗವರ್ನರ್ ಒಪ್ಪಿಗೆ ಬೇಕು ಎಂದರೆ ನಾಳೆ ಅಬಕಾರಿ ಸುಂಕಕ್ಕೂ ಬೇಕಾಗುತ್ತದೆ. ಅದೂ ಎಂಥ ಸಮಯ? ಎರಡನೇ ಪಂಚವಾರ್ಷಿಕ ಯೋಜನೆ ಶುರುವಾಗಿತ್ತು, ಯುದ್ಧಕಾಲದಲ್ಲಿ ಕೂಡಿಟ್ಟ ಸ್ಟರ್ಲಿಂಗ್ ಬಾಕಿ (ಬ್ರಿಟನ್ ನಮಗೆ ಕೊಡಬೇಕಿದ್ದ ಪೌಂಡು) ಕರಗುತ್ತಿತ್ತು.

ಜವಾಬ್ದಾರಿ ಯಾರ ತಲೆಗೆ ಬರುತ್ತದೆ ಎಂಬುದನ್ನೂ ನೋಡಿ. ಜೀವ ವಿಮಾ ನಿಗಮ ಮುಂದ್ರಾ ಕಂಪನಿಗಳ ಷೇರು ಕೊಂಡ ಹಗರಣದಲ್ಲಿ 1958ರ ಫೆಬ್ರುವರಿಯಲ್ಲಿ ರಾಜೀನಾಮೆ ಕೊಟ್ಟದ್ದು ಇದೇ ಕೃಷ್ಣಮಾಚಾರಿ. ನ್ಯಾಯಮೂರ್ತಿ ಚಾಗ್ಲಾ ಅವರ ವಿಚಾರಣೆಯಲ್ಲಿ, ನಿರ್ಧಾರದಲ್ಲಿ ಹಣಕಾಸು ಇಲಾಖೆಯ ಪ್ರಧಾನ ಕಾರ್ಯದರ್ಶಿ ಎಚ್. ಎಂ. ಪಟೇಲರ ಪಾತ್ರ ಎಷ್ಟೇ ದೊಡ್ಡದಾಗಿ ಬಂದರೂ, ಸಂಸತ್ತಿಗೆ ಉತ್ತರ ಕೊಡಬೇಕಾದವರು ಸಚಿವರು ಎಂದಾಯಿತು. ಉತ್ತರ ಕೊಡುವವನಿಗೆ ನಿರ್ಧರಿಸುವ ಹಕ್ಕೂ ಇರಬೇಕು.

ಕರಾವಳಿ ಮೇಷ್ಟ್ರು

ಖಜಾನೆ ಸರ್, ತೂಕದ ಮಾತು. ಆದರೆ ಗವರ್ನರ್ ಸಚಿವಾಲಯದ ಕಾರ್ಯದರ್ಶಿ ಅಲ್ಲವಲ್ಲ. 1934ರ ಕಾಯಿದೆಯಿಂದ ಹುಟ್ಟಿದ ಸಂಸ್ಥೆ ಅದು. ರಾಷ್ಟ್ರೀಕರಣದ ಹೊತ್ತಿಗೆ ಸೇರಿಸಿದ 7ನೇ ಸೆಕ್ಷನ್ ಸರ್ಕಾರಕ್ಕೆ ನಿರ್ದೇಶನ ಕೊಡುವ ಹಕ್ಕು ಕೊಡುತ್ತದೆ, ನಿಜ. ಆದರೆ 'ಗವರ್ನರರೊಂದಿಗೆ ಸಮಾಲೋಚಿಸಿದ ನಂತರ' ಎಂಬ ಷರತ್ತು ಅದರಲ್ಲೇ ಇದೆ. ಸರ್ಕಾರ ಆ ಸೆಕ್ಷನ್ ಬಳಸಿ ಬಹಿರಂಗವಾಗಿ ನಿರ್ದೇಶನ ಕೊಟ್ಟಿದ್ದರೆ ನಿಮ್ಮ ವಾದ ಪೂರ್ತಿ ನಿಲ್ಲುತ್ತಿತ್ತು. ಸಂಸತ್ತಿಗೂ ಗೊತ್ತಾಗುತ್ತಿತ್ತು, ಇದು ಸರ್ಕಾರದ ನಿರ್ಧಾರ, ಬ್ಯಾಂಕಿಗೆ ಭಿನ್ನಮತ ಇದೆ ಎಂದು. ಕೇಂದ್ರ ಮಂಡಳಿ ಕೇಳಿದ್ದೂ ಇಷ್ಟೇ: ಹಣದ ವ್ಯವಸ್ಥೆಗೆ ತಾಗುವ ಕ್ರಮ ತರುವ ಮೊದಲು ನಮ್ಮನ್ನು ಕೇಳಿ.

ಕಡತದ ಮೇಲೆ ಬರೆದು ಸುಮ್ಮನಾಗುವುದು ಒಂದು ಧರ್ಮ. ಬರೆದದ್ದನ್ನು ಕೇಳುವವರೇ ಇಲ್ಲ ಎಂದಾದಾಗ ಜಾಗ ಬಿಡುವುದು ಇನ್ನೊಂದು. ರಾಮರಾವ್ ಆದೇಶವನ್ನು ತಡೆಹಿಡಿಯಲಿಲ್ಲ, ಎದ್ದು ಹೋದರು. ಅದರಲ್ಲಿ ಪ್ರಜಾಪ್ರಭುತ್ವಕ್ಕೆ ವಿರುದ್ಧವಾದದ್ದು ನನಗೆ ಕಾಣುವುದಿಲ್ಲ.

ಹುಬ್ಬಳ್ಳಿ ಅಕ್ಕ

ಎಲ್ಲಾರೂ ರಾಮರಾವ್ ಬಗ್ಗೆ ಛಲೋ ಬರದೀರಿ. ಅವರ ಹೆಂಡತಿ ಧನ್ವಂತಿ ರಾಮರಾವ್ ನಮ್ಮ ಹುಬ್ಬಳ್ಳ್ಯಾಗ ಹುಟ್ಟಿದವರು ಅನ್ನೂದು ಎಷ್ಟು ಮಂದಿಗೆ ಗೊತ್ತೈತ್ರಿ? 1893ರಾಗ, ಕಾಶ್ಮೀರಿ ಪಂಡಿತರ ಮನೆತನದಾಗ. ತಂದಿಯವರು ರೈಲ್ವೆದಾಗ ಇದ್ರು. ಮದ್ರಾಸ್ ಪ್ರೆಸಿಡೆನ್ಸಿ ಕಾಲೇಜಿನ್ಯಾಗ ಕಲ್ತು, ಕ್ವೀನ್ ಮೇರೀಸ್ ಕಾಲೇಜಿನ್ಯಾಗ ಪಾಠ ಹೇಳಿದವರು. ಆ ಕಾಲಕ್ಕ ಕೊಂಕಣಿ ಮನೀಗೆ ಕಾಶ್ಮೀರಿ ಸೊಸಿ ಬಂದದ್ದು ಸಣ್ಣ ಮಾತಲ್ಲ.

ಗಂಡ ಗವರ್ನರ್ ಆದ 1949ರಾಗನ ಇವರು ಮುಂಬಯಿದಾಗ ಭಾರತೀಯ ಕುಟುಂಬ ಯೋಜನಾ ಸಂಘ ಕಟ್ಟಿದ್ರು. 1952ರಾಗ ಅಂತರರಾಷ್ಟ್ರೀಯ ಸಮ್ಮೇಳನನ ಮುಂಬಯಿಗೆ ತಂದ್ರು. ಜಗತ್ತಿನ ಕುಟುಂಬ ಯೋಜನಾ ಒಕ್ಕೂಟ ಹುಟ್ಟಿದ್ದು ಅಲ್ಲೇ. ಮುಂದ ಅದರ ಅಧ್ಯಕ್ಷರೂ ಆದ್ರು, 1959ಕ್ಕ ಪದ್ಮಭೂಷಣ ಬಂತು. ಹೆಣ್ಣಮಕ್ಕಳು ಬಾಯಿಬಿಟ್ಟು ಮಾತಾಡಾಕ ನಾಚೂ ವಿಷಯ ಅದು. ದೊಡ್ಡ ಅಧಿಕಾರಿ ಹೆಂಡತಿ ಅಂತ ಚಹಾಕೂಟಕ್ಕ ಹೋಗಿ ಕೂಡಬಹುದಿತ್ತು, ಕೂಡಲಿಲ್ಲ. ಮಗಳು ಶಾಂತಾ ರಾಮರಾವ್ ಇಂಗ್ಲಿಷಿನ್ಯಾಗ ಹೆಸರು ಮಾಡಿದ ಲೇಖಕಿ. ಈ ಮನೀ ಬಗ್ಗೆ ಬರೀವಾಗ ಗಂಡಸರದಷ್ಟ ಪಟ್ಟಿ ಮಾಡಬ್ಯಾಡ್ರಿ.

ಮಲೆನಾಡಿನವಳು

ಅಕ್ಕಾ, ಇದು ನನಗೆ ಗೊತ್ತೇ ಇರಲಿಲ್ಲ. ತುಂಬ ಥ್ಯಾಂಕ್ಸ್.

ಬಡ್ಡಿ ಲೆಕ್ಕ

ಸಾರ್ವಜನಿಕ ಹಣಕಾಸು ನನ್ನ ಓದಿನ ವಿಷಯ. ಇಲ್ಲಿ ಯಾರೂ ಎತ್ತದ ಒಂದು ಸಂಗತಿ ಇದೆ, ಸ್ವಲ್ಪ ಕಹಿ. ಸ್ಟ್ಯಾಂಪ್ ಡ್ಯೂಟಿಯ ಜಗಳ ದೊಡ್ಡದಾಗಿ ಕಂಡಿತು, ಆದರೆ ರಿಸರ್ವ್ ಬ್ಯಾಂಕಿನ ಸ್ವಾತಂತ್ರ್ಯ ನಿಜವಾಗಿ ಕೈಬಿಟ್ಟು ಹೋದದ್ದು ಅದಕ್ಕೂ ಮೊದಲು, 1955ರಲ್ಲಿ. ಆಗಲೂ ರಾಮರಾವ್ ಅವರೇ ಗವರ್ನರ್, ಆದರೆ ಯಾವ ಸದ್ದೂ ಆಗಲಿಲ್ಲ.

ಕೇಂದ್ರ ಸರ್ಕಾರದ ಖಾತೆಯಲ್ಲಿ ಶುಕ್ರವಾರದ ಕೊನೆಗೆ ಕನಿಷ್ಠ 50 ಕೋಟಿ ರೂಪಾಯಿ ಇರಬೇಕು, ಕಡಿಮೆ ಬಿದ್ದರೆ 'ಆಡ್ ಹಾಕ್' ಖಜಾನೆ ಬಿಲ್ಲು (ಸರ್ಕಾರದ ಅಲ್ಪಾವಧಿ ಸಾಲಪತ್ರ) ಸೃಷ್ಟಿಸಿ ರಿಸರ್ವ್ ಬ್ಯಾಂಕ್ ತಾನಾಗಿ ತುಂಬಬೇಕು ಎಂಬ ಏರ್ಪಾಡು ಆಗ ಆಯಿತು. ಲೆಕ್ಕಪತ್ರದ ಅನುಕೂಲಕ್ಕೆ ಎಂದು ಮಾಡಿದ್ದು. ಆದರೆ ಒಟ್ಟು ಎಷ್ಟು ತುಂಬಬಹುದು ಎಂಬುದಕ್ಕೆ ಮಿತಿಯೇ ಇರಲಿಲ್ಲ. ಸರ್ಕಾರ ಖರ್ಚು ಮಾಡಿದಷ್ಟೂ ನೋಟು ಹೊರಬರುವ ದಾರಿ ಅದು. ಅದನ್ನು ಮುಚ್ಚಲು 1997ರವರೆಗೆ ಕಾಯಬೇಕಾಯಿತು. ಎಪ್ಪತ್ತು, ಎಂಬತ್ತರ ದಶಕದ ಬೆಲೆ ಏರಿಕೆಯ ಮೂಲ ಹುಡುಕಿದರೆ ಈ ಬಾಗಿಲು ಸಿಕ್ಕೇ ಸಿಗುತ್ತದೆ.

ಇನ್ನೂ ಒಂದು. 1956ರ ತಿದ್ದುಪಡಿಯ ಮೊದಲು ನೋಟಿನ ಹಿಂದೆ ಶೇ. 40ರಷ್ಟು ಚಿನ್ನ ಮತ್ತು ವಿದೇಶಿ ಆಸ್ತಿ ಇರಬೇಕಿತ್ತು. ತಿದ್ದುಪಡಿಯ ನಂತರ ಕನಿಷ್ಠ 115 ಕೋಟಿ ಚಿನ್ನ, 400 ಕೋಟಿ ವಿದೇಶಿ ಭದ್ರತಾಪತ್ರ ಇದ್ದರೆ ಸಾಕು ಎಂದಾಯಿತು. ಜೊತೆಗೇ ಬ್ಯಾಂಕಿನ ಬಳಿ ಇದ್ದ ಚಿನ್ನದ ಲೆಕ್ಕವನ್ನು ತೊಲಕ್ಕೆ 21.24 ರೂಪಾಯಿಯಿಂದ 62.50ಕ್ಕೆ ಏರಿಸಿದರು. ಒಂದು ಗುಂಜಿ ಹೊಸ ಚಿನ್ನ ಬಾರದೆ ದಾಸ್ತಾನಿನ ಬೆಲೆ ಮೂರು ಪಟ್ಟು ಹತ್ತಿರವಾಯಿತು. ಯೋಜನೆಗೆ ಹಣ ಬೇಕಿತ್ತು, ಗವರ್ನರ್ ಅಡ್ಡಿ ಮಾಡಲಿಲ್ಲ.

ಇದನ್ನು ಅವರನ್ನು ಸಣ್ಣವರನ್ನಾಗಿ ಮಾಡಲು ಹೇಳುತ್ತಿಲ್ಲ. ರಾಮರಾವ್ ಸರ್ಕಾರದ ವಿರೋಧಿ ಆಗಿರಲಿಲ್ಲ, ವರ್ಷಾನುಗಟ್ಟಲೆ ಅದರ ಜೊತೆ ಹೆಜ್ಜೆ ಹಾಕಿದವರು. ಸಿ. ಡಿ. ದೇಶಮುಖ್ ಹಣಕಾಸು ಸಚಿವರಾಗಿದ್ದಾಗ ಅದು ಸುಲಭವಿತ್ತು. ದೇಶಮುಖ್ ಅದೇ ಕುರ್ಚಿಯಲ್ಲಿ ಕೂತು ಬಂದವರು, ಇಬ್ಬರೂ ಐಸಿಎಸ್. ಪರಸ್ಪರ ಗೌರವದ ಮೇಲೆ ನಡೆದ ವ್ಯವಹಾರವನ್ನು ಕಾಗದದ ಮೇಲೆ ನಿಯಮವಾಗಿ ಯಾರೂ ಬರೆದಿಡಲಿಲ್ಲ. ಸಚಿವರು ಬದಲಾದ ಐದೇ ತಿಂಗಳಲ್ಲಿ ಎಲ್ಲ ಕುಸಿಯಿತು. ಒಳ್ಳೆಯ ಸಂಬಂಧ ಇದ್ದಾಗಲೇ ಗಟ್ಟಿ ಒಪ್ಪಂದ ಮಾಡಿಕೊಳ್ಳಲಿಲ್ಲ ಎಂಬುದು ಅವರ ಬಗ್ಗೆ ನನಗಿರುವ ನಿಜವಾದ ತಕರಾರು.

ಖಜಾನೆಯವ

ಇದು ನಾನು ಒಪ್ಪುವ ಮಾತು. ಇಲಾಖೆಯಲ್ಲಿ ನಾವೂ ಇದನ್ನು ನೋಡಿದ್ದೇವೆ. ಒಳ್ಳೆಯ ಮೇಲಧಿಕಾರಿ ಇದ್ದಾಗ ಬಾಯಿಮಾತಿನಲ್ಲಿ ನಡೆದದ್ದು ಅವರು ವರ್ಗವಾದ ಮರುದಿನ ಆಕ್ಷೇಪಣೆಯಾಗಿ ವಾಪಸ್ ಬರುತ್ತದೆ.

ಗದಗಿನ ಸೊಸೈಟಿ

ನಮ್ಮಪ್ಪ ವ್ಯವಸಾಯ ಸೇವಾ ಸಹಕಾರ ಸಂಘದ ಕಾರ್ಯದರ್ಶಿ ಆಗಿದ್ದರು, ಹಾಗಾಗಿ ನನಗೆ ರಾಮರಾವ್ ಅಂದರೆ ರಾಜೀನಾಮೆ ನೆನಪಾಗುವುದಿಲ್ಲ, ಗ್ರಾಮೀಣ ಸಾಲ ಸಮೀಕ್ಷೆ ನೆನಪಾಗುತ್ತದೆ. ಬ್ಯಾಂಕರ್ ಜನ ಅದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತೀರಿ.

1951ರಲ್ಲಿ ಎ. ಡಿ. ಗೋರ್‌ವಾಲಾ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು, ಡಿ. ಆರ್. ಗಾಡ್ಗೀಳ್ ಅದರಲ್ಲಿದ್ದರು. 75 ಜಿಲ್ಲೆ, 600 ಹಳ್ಳಿ. ಮನೆಮನೆಗೆ ಹೋಗಿ ಯಾರಿಂದ ಎಷ್ಟು ಸಾಲ ತಂದಿರಿ ಎಂದು ಕೇಳಿದರು. ಉತ್ತರ ನೋಡಿ: ಸರ್ಕಾರದಿಂದ ಶೇ. 3.3, ಸಹಕಾರ ಸಂಘಗಳಿಂದ ಶೇ. 3.1, ವಾಣಿಜ್ಯ ಬ್ಯಾಂಕುಗಳಿಂದ ಶೇ. 0.9. ಲೇವಾದೇವಿಯವರಿಂದ, ವೃತ್ತಿಯವರು ಮತ್ತು ದೊಡ್ಡ ಹಿಡುವಳಿದಾರರು ಸೇರಿ, ಸುಮಾರು ಶೇ. 70. ದೇಶದ ಮೊದಲ ಕೃಷಿ ಸಹಕಾರ ಸಂಘ ನಮ್ಮ ಗದಗಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಕಟ್ಟಿದ್ದು. ಅರ್ಧ ಶತಮಾನದ ಸಹಕಾರ ಚಳವಳಿ ಮುಟ್ಟಿದ್ದು ನೂರಕ್ಕೆ ಮೂರು ರೂಪಾಯಿ! ಸಹಕಾರ ಸೋತಿದೆ, ಆದರೆ ಗೆಲ್ಲಲೇಬೇಕು ಎಂದು ಸಮಿತಿ ಹೇಳಿತು. ಅಪ್ಪ ಆ ಮಾತನ್ನು ಸಂಘದ ವಾರ್ಷಿಕ ಸಭೆಯಲ್ಲಿ ಹೇಳುತ್ತಿದ್ದರು.

ಸ್ಟೇಟ್ ಬ್ಯಾಂಕ್ ಹುಟ್ಟಿದ್ದು ಈ ವರದಿಯಿಂದ. ಐದು ವರ್ಷದಲ್ಲಿ 400 ಹೊಸ ಶಾಖೆ ತೆರೆಯಬೇಕು, ಅದೂ ಬ್ಯಾಂಕಿಲ್ಲದ ಊರುಗಳಲ್ಲಿ ಎಂಬ ಕಟ್ಟಳೆಯನ್ನು ಕಾಯಿದೆಯಲ್ಲೇ ಹಾಕಿದರು. 1956ರಲ್ಲಿ ರಿಸರ್ವ್ ಬ್ಯಾಂಕ್ 10 ಕೋಟಿಯಿಂದ ಕೃಷಿ ಸಾಲದ ದೀರ್ಘಾವಧಿ ನಿಧಿ ಆರಂಭಿಸಿತು. ಆ ಕೆಲಸವೇ ಬೆಳೆದು 1982ರಲ್ಲಿ ನಬಾರ್ಡ್ ಆಯಿತು. ಕೇಂದ್ರ ಬ್ಯಾಂಕು ಅಂದರೆ ನೋಟು ಮತ್ತು ಬಡ್ಡಿ ಅಷ್ಟೇ ಎಂದುಕೊಂಡಿದ್ದ ಕಾಲದಲ್ಲಿ 600 ಹಳ್ಳಿಗೆ ಜನ ಕಳಿಸಿದ ಗವರ್ನರ್ ಅವರು. ನನ್ನ ಮಟ್ಟಿಗೆ ಅವರ ವೃತ್ತಿಯ ಶಿಖರ ಇದು.

ನೋಟು ಹುಚ್ಚ

ಅವರ ಸಹಿ ಕೈಯಲ್ಲಿ ಹಿಡಿಯಬೇಕೆಂದರೆ ಹಳೇ ನೋಟು ನೋಡಿ. ಅಶೋಕ ಸ್ತಂಭದ ಮೊದಮೊದಲಿನ ನೋಟುಗಳಲ್ಲಿ ಅವರದೇ ಸಹಿ. ಹಿಂದಿಯಲ್ಲಿ ಹತ್ತು 'ರುಪಯಾ' ಎಂದು ಮೊದಲು ಅಚ್ಚಾಗಿತ್ತು, ಆಮೇಲೆ ಬಹುವಚನ 'ರುಪಯೇ' ಎಂದು ತಿದ್ದಿದರು. ಎರಡೂ ಬಗೆಯವು ಅವರ ಸಹಿಯಲ್ಲೇ ಸಿಗುತ್ತವೆ, ಸಂಗ್ರಾಹಕರು ಜೋಡಿಯಾಗಿ ಇಟ್ಟುಕೊಳ್ಳುತ್ತೇವೆ. 1954ರಲ್ಲಿ 1,000, 5,000, 10,000 ರೂಪಾಯಿಯ ನೋಟು ಮತ್ತೆ ಬಂದಾಗಲೂ ಸಹಿ ಅವರದು. ಸಾವಿರದ ನೋಟಿನಲ್ಲಿ ತಂಜಾವೂರಿನ ದೇವಸ್ಥಾನ, ಐದು ಸಾವಿರದ್ದರಲ್ಲಿ ಗೇಟ್‌ವೇ ಆಫ್ ಇಂಡಿಯಾ. 1978ರ ಜನವರಿಯಲ್ಲಿ ಆ ಮೂರೂ ರದ್ದಾದವು.

ಪರೀಕ್ಷೆ ತಯಾರಿ

ನಾನು ಯುಪಿಎಸ್‌ಸಿಗೆ ಓದುತ್ತಿದ್ದೇನೆ, ಇಡೀ ಚರ್ಚೆ ಓದಿದೆ. ಕೊನೆಗೆ ಗೆದ್ದದ್ದು ಯಾರು? ರಾಜೀನಾಮೆಯಿಂದ ಏನಾದರೂ ಬದಲಾಯಿತಾ? 2018ರ ಡಿಸೆಂಬರಿನಲ್ಲಿ ಉರ್ಜಿತ್ ಪಟೇಲ್ ಬಿಟ್ಟದ್ದಕ್ಕೂ ಇದಕ್ಕೂ ಹೋಲಿಸಬಹುದಾ?

ಹಳೇ ಬ್ರಾಂಚ್ ಮ್ಯಾನೇಜರ್

ತಮ್ಮಾ, ಮೊದಲ ಪ್ರಶ್ನೆಗೆ ತಾರೀಕೇ ಉತ್ತರ ಹೇಳುತ್ತದೆ. ರಾಮರಾವ್ ಜನವರಿಯಲ್ಲಿ ಹೋದರು. ಅಂಬೆಗಾಂವ್ಕರ್ ಫೆಬ್ರುವರಿ ಕೊನೆಯವರೆಗೆ ಗವರ್ನರ್ ಕೆಲಸ ನೋಡಿಕೊಂಡರು, ಮಾರ್ಚ್ 1ರಿಂದ ಎಚ್. ವಿ. ಆರ್. ಅಯ್ಯಂಗಾರ್. 1957ರ ಮೇ ತಿಂಗಳಲ್ಲಿ ಬ್ಯಾಂಕ್ ದರವನ್ನೇ ಶೇ. 4ಕ್ಕೆ ಏರಿಸಿದರು, ಸ್ಟ್ಯಾಂಪ್ ಡ್ಯೂಟಿಯನ್ನು ಇಳಿಸಿದರು. ದರ ಏರಿಸಬೇಕಾದರೆ ಬ್ಯಾಂಕ್ ದರದ ಮೂಲಕವೇ ಏರಿಸಿ ಎಂದು ರಾಮರಾವ್ ಹೇಳಿದ್ದೇ ಐದು ತಿಂಗಳೊಳಗೆ ಜಾರಿಗೆ ಬಂತು. ಅವರು ಕುರ್ಚಿಯಲ್ಲಿ ಇರಲಿಲ್ಲ, ಅಷ್ಟೇ.

ಬಡ್ಡಿ ಲೆಕ್ಕ

ಎರಡನೆಯದಕ್ಕೆ ನಾನು ಹೇಳುತ್ತೇನೆ. ಪಟೇಲರು ವೈಯಕ್ತಿಕ ಕಾರಣ ಎಂದೇ ಬರೆದರು, ಹಾಗಾಗಿ ಅವರ ಮನಸ್ಸಿನಲ್ಲಿ ಏನಿತ್ತು ಎಂದು ಪರೀಕ್ಷೆಯಲ್ಲಿ ಊಹಿಸಿ ಬರೆಯಬೇಡಿ. ಸುತ್ತಲಿನ ವಿವಾದ ಬರೆಯಬಹುದು: 7ನೇ ಸೆಕ್ಷನ್ ಬಳಸುವ ಮಾತು, ಬ್ಯಾಂಕಿನ ಮೀಸಲು ನಿಧಿಯ ಪ್ರಶ್ನೆ, ಅದೇ ಅಕ್ಟೋಬರಿನಲ್ಲಿ ಉಪ ಗವರ್ನರ್ ವಿರಳ್ ಆಚಾರ್ಯ ಸ್ವಾಯತ್ತತೆಯ ಬಗ್ಗೆ ಮಾಡಿದ ಭಾಷಣ.

ದೊಡ್ಡ ವ್ಯತ್ಯಾಸ ಕಾನೂನಿನಲ್ಲಿದೆ. 2016ರಿಂದ ಬಡ್ಡಿದರ ನಿರ್ಧರಿಸಲು ಶಾಸನಬದ್ಧ ಸಮಿತಿ ಇದೆ. ಆರು ಜನ, ಅದರಲ್ಲಿ ಮೂವರು ಬ್ಯಾಂಕಿನವರು, ಮೂವರನ್ನು ಸರ್ಕಾರ ಹೊರಗಿನಿಂದ ನೇಮಿಸುತ್ತದೆ. ಮತ ಸಮಬಲವಾದರೆ ಗವರ್ನರರ ನಿರ್ಣಾಯಕ ಮತ. ಹಣದುಬ್ಬರದ ಗುರಿ ಶೇ. 4, ಎರಡು ಅಂಶ ಆಚೀಚೆ. ಗುರಿ ನಿಗದಿ ಮಾಡುವುದು ಸರ್ಕಾರ, ಮುಟ್ಟುವ ದಾರಿ ಬ್ಯಾಂಕಿನದು. ಖಜಾನೆ ಸರ್ ಕೇಳಿದ ಉತ್ತರದಾಯಿತ್ವವೂ ಇದರಲ್ಲಿದೆ: ಸತತ ಮೂರು ತ್ರೈಮಾಸಿಕ ಗುರಿ ತಪ್ಪಿದರೆ ಬ್ಯಾಂಕು ಸರ್ಕಾರಕ್ಕೆ ಲಿಖಿತ ವಿವರಣೆ ಕೊಡಬೇಕು. ಕೊಡಬೇಕಾಗಿ ಬಂದದ್ದೂ ಉಂಟು, 2022ರ ನವೆಂಬರಿನಲ್ಲಿ.

ಖಜಾನೆಯವ

ಒಂದು ಸೇರಿಸುತ್ತೇನೆ. ಸಮಿತಿ ಬಂದರೂ 7ನೇ ಸೆಕ್ಷನ್ ಕಾಯಿದೆಯಲ್ಲಿ ಹಾಗೇ ಇದೆ. ನನ್ನ ಪ್ರಕಾರ ಇರಬೇಕಾದದ್ದೇ. ಆದರೆ ಬಳಸುವ ದಿನ ಬಂದರೆ ಮೇಷ್ಟ್ರು ಹೇಳಿದ ಹಾಗೆ ಲಿಖಿತವಾಗಿ, ಗವರ್ನರರ ಭಿನ್ನಮತವನ್ನೂ ಜೊತೆಗಿಟ್ಟು, ಸಂಸತ್ತಿನ ಮೇಜಿನ ಮೇಲೆ ಬರಲಿ.

ಕರಾವಳಿ ಮೇಷ್ಟ್ರು

ಅಷ್ಟಾದರೆ ನನ್ನ ಕಡೆಯಿಂದ ತಕರಾರಿಲ್ಲ ಸರ್. ಗದಗಿನವರೇ, ಸಮೀಕ್ಷೆಗೆ ಆಯ್ಕೆಯಾದ 75 ಜಿಲ್ಲೆಗಳಲ್ಲಿ ಇವತ್ತಿನ ಕರ್ನಾಟಕದ ಯಾವ ಯಾವ ಭಾಗ ಇತ್ತು ಎಂದು ನಿಮ್ಮ ತಂದೆಯವರ ಕಾಗದಪತ್ರದಲ್ಲಿ ಏನಾದರೂ ಸಿಕ್ಕರೆ ದಯವಿಟ್ಟು ಇಲ್ಲೇ ಹಾಕಿ. ಈ ವರ್ಷದ ಪ್ರಾಜೆಕ್ಟಿಗೆ ಮಕ್ಕಳನ್ನು ಆ ಹಳ್ಳಿಗಳಿಗೇ ಕಳಿಸಿ, ಈಗ ಸಾಲ ಯಾರಿಂದ ತರುತ್ತಾರೆ ಎಂದು ಕೇಳಿಸಬೇಕು ಅಂತಿದ್ದೇನೆ.